ತಿರುಗದ ಗಾಲಿಯ ಕುಂಕುಮ

"ಏನಮ್ಮಿಣಿ, ಗಾಲಿಗೆ ಅಡ್ಡಬೀಳ್ತಿದೀರಾ?"

ಕಾರ್ಖಾನೆಯ ಒಡೆಯ ನಾಚಿಮುತ್ತು ನನ್ನ ಬೆನ್ನ ಹಿಂದೆ ನಿಂತು ನಕ್ಕರು. ನಾನು ಏಳಲಿಲ್ಲ. ಮಂಡಿಯೂರಿ ಕೂತು ಮೂರನೇ ಮೋಟಾರಿನ ಗಾಲಿಯನ್ನೇ ನೋಡುತ್ತಿದ್ದೆ.

ಗಾಲಿಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ. ಎರಡೂ ಒಣಗಿ ಬಿರುಕು ಬಿಟ್ಟಿದ್ದವು. ಗಾಲಿಯ ಕಡ್ಡಿಗೊಂದು ಸುತ್ತು, ಪಕ್ಕದ ಕಬ್ಬಿಣದ ಕಂಬಿಗೊಂದು ಸುತ್ತು ಹಾಕಿ ಸೇವಂತಿಗೆ ಮಾಲೆ ಕಟ್ಟಿದ್ದರು. ಹೂವು ಕಂದಾಗಿ, ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ದಾರ ಮಾತ್ರ ಎಲ್ಲೂ ಹರಿದಿರಲಿಲ್ಲ.

"ಪೂಜೆ ಚೆನ್ನಾಗಿ ಮಾಡಿದಾರೆ," ಅಂದೆ.

"ಆಯುಧಪೂಜೆದು. ನಮ್ಮ ಜನಕ್ಕೆ ಭಕ್ತಿ ಜಾಸ್ತಿ ಅಮ್ಮಿಣಿ. ಒಂದು ಸ್ಪ್ಯಾನರನ್ನೂ ಬಿಡಲ್ಲ, ಎಲ್ಲದಕ್ಕೂ ಬೊಟ್ಟು ಇಡ್ತಾರೆ."

"ಈ ಮೋಟಾರು ಓಡುತ್ತಾ?"

"ಓಡದೆ ಏನು? ಮೂರೂ ಹಗಲೂ ರಾತ್ರಿ ಓಡ್ತವೆ. ನೀವು ಬಂದಿದೀರಂತ ಇವತ್ತು ಎರಡನ್ನ ನಿಲ್ಲಿಸಿದ್ದು. ಇಲ್ಲಾಂದ್ರೆ ನನ್ನ ಮಾತು ನಿಮಗೆ ಕೇಳೋದು ಹೆಂಗೆ?"

ಒಂದನೇ ಮೋಟಾರು ಮಾತ್ರ ಗುಂಯ್‌ಗುಡುತ್ತಿತ್ತು. ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರಿಗೆ ಗಾಳಿ ಊದಿ, ಅದರ ಕೊಳೆ ಕಳೆಯುವುದು ಈ ಮೋಟಾರುಗಳ ಕೆಲಸ. ಇವು ನಿಂತರೆ ಆ ನೀರಿಗೆ ಹೋಗಲು ಇರುವುದು ಒಂದೇ ದಾರಿ, ಕಾರ್ಖಾನೆಯ ಹಿಂದಿನ ನೊಯ್ಯಲ್ ಹೊಳೆ.

ಚೆನ್ನೈನ ಒಂದು ಹೂಡಿಕೆ ಸಂಸ್ಥೆ ನನ್ನನ್ನು ಇಲ್ಲಿಗೆ ಕಳಿಸಿತ್ತು. ತಿರುಪ್ಪೂರಿನ ಈ ಪೊನ್ನೂಂಜಲ್ ಬನಿಯನ್ ಕಂಪನಿಗೆ ಹಣ ಹಾಕುವ ಮೊದಲು, ಇದು ಹೊಳೆಯನ್ನೂ ಕೆಲಸದವರನ್ನೂ ಹೇಗೆ ನಡೆಸಿಕೊಳ್ಳುತ್ತಿದೆ ಎಂದು ನೋಡಿ ಹೇಳಬೇಕಾದದ್ದು ನನ್ನ ಕೆಲಸ. ಆದರೆ ನಿನ್ನೆ ಗೇಟಿನ ಬಳಿ ಒಬ್ಬ ಹೆಂಗಸು ನನ್ನ ಕೈ ಹಿಡಿದು ನಿಲ್ಲಿಸಿದ್ದಳು. ಈ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದ ಅವಳ ಗಂಡ ವೆಳ್ಳಿಂಗಿರಿ ದೀಪಾವಳಿಯಿಂದ ಕಾಣೆ. ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಗಂಧದ ಪಕ್ಕದಲ್ಲಿ ವಿಭೂತಿಯ ಗೀಟುಗಳಿದ್ದವು. ಮೂರು ಇರಬೇಕಾದಲ್ಲಿ ಎರಡೇ. ಮೂರನೆಯದರ ಜಾಗದಲ್ಲಿ ಒಂದು ಮೊಂಡು ಚುಕ್ಕೆ. ಯಾರೋ ಅವಸರದಲ್ಲಿ ಎಳೆದಿದ್ದಾರೆ ಅಂದುಕೊಂಡೆ. ಎರಡನೇ ಮೋಟಾರಿನ ಮೇಲೂ ಹಾಗೇ ಇತ್ತು, ಎರಡು ಗೀಟು, ಒಂದು ಚುಕ್ಕೆ.

"ಬನ್ನಿ ಅಮ್ಮಿಣಿ, ಇಲ್ಲಿ ಏನಿದೆ, ಬರೀ ವಾಸನೆ. ನಮ್ಮ ತೋಟ ನೋಡಿ," ಎಂದು ನಾಚಿಮುತ್ತು ಬಿಳಿ ವೇಷ್ಟಿಯ ಅಂಚು ಎತ್ತಿ ಹಿಡಿದು ಮುಂದೆ ನಡೆದರು.

ತೋಟ ನೋಡಿದೆ. ವರ್ಷಕ್ಕೊಬ್ಬ ಅತಿಥಿ ಬಂದು ನೆಟ್ಟ ಬೇವಿನ ಗಿಡದ ಫೋಟೋಗಳು ಕಚೇರಿಯ ಗೋಡೆ ತುಂಬ ಇದ್ದವು. ಇಲ್ಲಿ ನೋಡಿದರೆ ಗಿಡ ಒಂದೇ, ಗುಂಡಿಯೂ ಒಂದೇ. ಅತಿಥಿ ಬದಲಾದಂತೆ ಗಿಡವನ್ನೂ ಬದಲಾಯಿಸುತ್ತಾರೆ ಅಂತ ಕಾಣುತ್ತದೆ. ಕೆಲಸಕ್ಕೆ ಬರುವ ತಾಯಂದಿರ ಕೂಸುಗಳಿಗೆಂದು ಕಟ್ಟಿದ ಕೋಣೆಯಲ್ಲಿ ಆಟದ ಸಾಮಾನೆಲ್ಲ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಇಂಥವನ್ನು ನೋಡಿ ನೋಡಿ ನನಗೆ ನಗು ಬರುವುದು ನಿಂತು ಬಹಳ ಕಾಲವಾಯಿತು.

ತೋಟದ ಮೂಲೆಯಲ್ಲಿ ನೆಲಮಟ್ಟದ ಒಂದು ಹಳೆಯ ತೊಟ್ಟಿ. ಮೇಲೆ ಸಿಮೆಂಟಿನ ಹೊಸ ಮುಚ್ಚಿಗೆ. ಅದರ ಮುಕ್ಕಾಲು ಭಾಗದ ಮೇಲೆ ಬಣ್ಣದ ಕೆಲಸಕ್ಕೆ ತಂದ ಉಪ್ಪಿನ ಮೂಟೆ ಒಟ್ಟಿದ್ದರು. ಉಳಿದ ಕಾಲು ಭಾಗದಲ್ಲಿ ಕರ್ಪೂರ ಉರಿದ ಕಪ್ಪು ಕಲೆ, ಪಕ್ಕದಲ್ಲಿ ಕುಂಕುಮ ಮೆತ್ತಿ ಒಣಗಿದ ಒಂದು ಹೋಳು ನಿಂಬೆಹಣ್ಣು.

"ಇದೇನು?"

"ಹಳೇ ತೊಟ್ಟಿ. ಸೋರ್ತಿತ್ತು. ಪೊಂಗಲ್ ರಜೇಲಿ ಮುಚ್ಚಿಸಿಬಿಟ್ವಿ."

"ಮುಚ್ಚಿದ ತೊಟ್ಟಿಗೂ ಪೂಜೆನಾ ಮುದಲಾಳಿ?"

ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದ ಮನುಷ್ಯ ಸ್ವಲ್ಪ ತಡೆದರು. "ದೃಷ್ಟಿಗೆ," ಅಂದರು. ಆಮೇಲೆ ತೆಂಗಿನ ನೀರಾ ಕುಡಿಯುತ್ತೀರಾ ಎಂದು ಕೇಳಿದರು.

ಮಧ್ಯಾಹ್ನದ ಬಿಡುವಿನಲ್ಲಿ ಕೊಡಿಮಲರ್ ಗೇಟಿನಾಚೆ ಪುಂಗಮರದ ಕೆಳಗೆ ಸಿಕ್ಕಳು. ವೆಳ್ಳಿಂಗಿರಿಯ ಹೆಂಡತಿ. ಇದೇ ಕಾರ್ಖಾನೆಯಲ್ಲಿ ಬನಿಯನ್ನಿನ ಉಳಿದ ದಾರ ಕತ್ತರಿಸುವ ಕೆಲಸ. ಸೆರಗಿನ ತುಂಬ ಬಿಳಿ ನೂಲಿನ ಚೂರು ಅಂಟಿತ್ತು. ಡಬ್ಬಿ ತೆರೆದು ಅಕ್ಕಿ ಬೇಳೆ ಸಾದವನ್ನು ಮುಚ್ಚಳಕ್ಕೆ ಹಾಕಿ ನನ್ನ ಮುಂದಿಟ್ಟಳು. ಬೇಡ ಎಂದರೆ ಬಿಡುವ ಹೆಂಗಸಲ್ಲ.

"ಅವರು ಇದ್ದಾಗ ಇಬ್ಬರೂ ಇಲ್ಲೇ ಕೂತು ಉಣ್ತಿದ್ವಿ ಅಕ್ಕಾ."

"ನಿನ್ನ ಗಂಡ ಮೋಟಾರಿಗೆ ವಿಭೂತಿ ಹಚ್ಚುತ್ತಿದ್ದನಾ?"

ಅವಳ ಕೈ ತುತ್ತಿನ ಮೇಲೇ ನಿಂತಿತು. "ಎರಡು ಗೀಟು ಇತ್ತಾ?"

"ಎರಡು ಗೀಟು. ಕೆಳಗೊಂದು ಚುಕ್ಕೆ."

"ಅವರದೇ." ಅವಳು ತನ್ನ ಬಲಗೈ ಬೆರಳುಗಳನ್ನು ಹಿಡಿದು ತೋರಿಸಿದಳು. "ಉಂಗುರದ ಬೆರಳು ಅರ್ಧ ಇಲ್ಲ. ಬಟ್ಟೆ ಒತ್ತೋ ಮಿಷಿನ್ನಲ್ಲಿ ಹೋಯ್ತು, ನಮ್ಮ ಮದುವೆಗೂ ಮುಂಚೆ. ವಿಭೂತಿ ಎಳೆದ್ರೆ ಎರಡೇ ಬೀಳ್ತದೆ, ಮೂರನೇದು ಚುಕ್ಕೆ. ನಾನು ರೇಗಿಸ್ತಿದ್ದೆ. ಸ್ವಾಮಿಗೆ ಬೇಜಾರಿಲ್ಲ, ನಿನಗ್ಯಾಕೆ ಅಂತಿದ್ರು. ಯಾವ ಕೆಲಸ ಮುಗಿಸಿದ್ರೂ ಅದರ ಮೇಲೆ ಕೈ ಎಳೀಲೇಬೇಕು ಅಕ್ಕಾ ಅವರಿಗೆ. ನಮ್ಮನೆ ಒಲೆ ಕಟ್ಟಿದಾಗ ಹಸಿ ಮಣ್ಣಲ್ಲೂ ಎಳೆದಿದಾರೆ. ಈಗ ಅನ್ನ ಬೇಯಿಸುವಾಗೆಲ್ಲ ಅದನ್ನೇ ನೋಡ್ತಾ ಕೂರ್ತೀನಿ."

"ಮೋಟಾರು ನಿಲ್ಲಿಸಿದ್ದು ಯಾವಾಗ?"

"ಆಯುಧಪೂಜೆಗೆ ನಿಲ್ಲಿಸಿದ್ದು, ಆಮೇಲೆ ಹಾಕಲೇ ಇಲ್ಲ. ಕರೆಂಟು ತಿಂತದೆ, ಯಾರಾದ್ರೂ ನೋಡೋಕೆ ಬಂದಾಗ ಒಂದು ಹಾಕಿದ್ರೆ ಸಾಕು ಅಂತ ಮುದಲಾಳಿ ಅಂದ್ರಂತೆ. ಇವರು ಜಗಳ ಆಡಿದ್ರು. ಗಾಳಿ ಇಲ್ದೆ ತೊಟ್ಟೀಲಿ ವಿಷ ತುಂಬ್ತದೆ, ಯಾವತ್ತಾದ್ರೂ ಒಬ್ಬ ಸಾಯ್ತಾನೆ ಅಂತ ಮನೇಲೂ ಹೇಳ್ತಿದ್ರು. ದೀಪಾವಳಿ ಹಿಂದಿನ ದಿನ ಕೆಲಸಕ್ಕೆ ಹೋದೋರು ಬರಲಿಲ್ಲ."

"ಬೋನಸ್ ತಗೊಂಡು ಊರು ಬಿಟ್ಟ ಅಂತ ಮುದಲಾಳಿ ಹೇಳ್ತಾರೆ."

"ಹಂಗೆ ಹೋಗೋರು ಇದಾರೆ. ಐವತ್ತು ಹತ್ರ ಬಂದೋರು, ಮಗಳಿಗೆ ಗಂಡು ನೋಡ್ತಿದ್ದೋರು ಹೋಗ್ತಾರಾ? ಹಬ್ಬಕ್ಕೆ ತಂದ ಅಂಗಿಗೆ ಅರಿಶಿನ ಹಚ್ಚಿ ಇಟ್ಟಿದೀನಿ, ಮಡಿಕೆ ಬಿಚ್ಚಿಲ್ಲ. ದೀಪಾವಳಿ ಆದಮೇಲೆ ಕಾರ್ತಿಗೆ ದೀಪದ ರಜೆ ದಿನ ವಾಚ್‌ಮನ್ ಕಾಲು ಹಿಡಿದು ಒಳಗೆ ಬಂದು ಎಲ್ಲಾ ತೊಟ್ಟಿ ಒಳಗೂ ಇಣುಕಿದೆ. ತೋಟದ ಮೂಲೆ ತೊಟ್ಟಿಗೆ ಆಗ ಕಬ್ಬಿಣದ ಮುಚ್ಚಳ. ಎತ್ತಿ ಕೂಗಿದೆ. ಕಪ್ಪು ನೀರು, ಏನು ಕಾಣ್ತದೆ?"

ಅಲ್ಲಿ ಈಗ ಸಿಮೆಂಟು ಹಾಕಿದ್ದಾರೆ, ಮೇಲೆ ಕರ್ಪೂರ ಹಚ್ಚಿದ್ದಾರೆ ಎಂದು ನಾನು ಹೇಳಿದೆ. ಹೇಳಬಾರದಿತ್ತೇನೋ. ಆದರೆ ಆ ಮುಖ ನೋಡಿಕೊಂಡು ಮುಚ್ಚಿಡಲು ನನಗೆ ಆಗಲಿಲ್ಲ.

ಅವಳು ಅಳಲಿಲ್ಲ. ಡಬ್ಬಿಗೆ ಮುಚ್ಚಳ ಒತ್ತಿದಳು. "ಬರೋ ಅಮಾವಾಸ್ಯೆಗೆ ಕರುಮಾದಿ ಮಾಡಿಬಿಡೋಣ ಅಂತಿದಾರೆ ಮೈದುನ. ತಿಥಿ ಮಾಡಿ ತಾಳಿ ತೆಗೆದಿಡು ಅಂತ. ಹೆಣ ನೋಡದೆ ತಾಳಿ ಹೆಂಗೆ ತೆಗೀಲಿ ಅಕ್ಕಾ? ಸತ್ತಿದ್ರೆ ಸತ್ತಿದಾರೆ ಅಂತ ಹೇಳಿ. ಅಷ್ಟೇ ಸಾಕು ನನಗೆ. ಗೊತ್ತಾದ್ರೆ ಸಾಕು."

ಕಾರ್ಖಾನೆಯ ಸೈರನ್ ಕೂಗಿತು. ಅವಳು ಎದ್ದು ಹೋದಳು.

ನಾನು ಅಲ್ಲೇ ನಿಂತು ಚೆನ್ನೈಗೆ ಫೋನ್ ಮಾಡಿದೆ. ಸಂಸ್ಥೆಯ ದೇವಸಹಾಯಂ ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಮಾತಾಡುವುದೇ ಕಷ್ಟ.

"ಮರಗದಂ, ಮೋಟಾರು ನಿಂತಿದೆ ಅಂದ್ರಲ್ಲ, ಅಷ್ಟು ಸಾಕು. ಬೇಡ ಅಂತ ಬರೆದು ಬಸ್ಸು ಹತ್ತಿ. ಅಂಥ ಕಂಪನಿಗೆ ನಮ್ಮ ಹಣ ಹೋಗಲ್ಲ."

"ಒಬ್ಬ ಮನುಷ್ಯ ಕಾಣೆಯಾಗಿದಾನೆ ಸಾರ್."

"ಅದು ಪೊಲೀಸರ ಕೆಲಸ."

"ಪೊಲೀಸರು ಊರು ಬಿಟ್ಟ ಅಂತ ಬರ್ಕೊಂಡು ಕೈತೊಳೆದ್ರು. ಈಗ ನಾವೂ ತೊಳ್ಕೊಳ್ಳೋಣ, ಅಲ್ವಾ?"

"ಹಂಗಲ್ಲಮ್ಮ. ನಮ್ಮ ನಿಯಮ ಹೇಳಿದೆ."

ನಿಯಮ ನನಗೂ ಗೊತ್ತು. ನಮ್ಮ ಹಣದ ಆಸೆ ಇರುವ ತನಕ ಈ ಕಾರ್ಖಾನೆಯ ಬಾಗಿಲುಗಳು ನನಗೆ ತೆರೆಯುತ್ತವೆ. ಬೇಡ ಎಂದು ಬರೆದ ಮರುಕ್ಷಣ ಗೇಟು ಮುಚ್ಚುತ್ತದೆ. ಸಂಸ್ಥೆಯ ಕೈ ಶುದ್ಧ, ನನ್ನ ಕೈ ಶುದ್ಧ, ತೊಟ್ಟಿಯ ಮೇಲೆ ಇನ್ನೊಂದು ಪದರ ಸಿಮೆಂಟು. ಕೊಡಿಮಲರ್ ಅಮಾವಾಸ್ಯೆಗೆ ತಾಳಿ ತೆಗೆದು, ಗಂಡ ಎಲ್ಲಿ ಎಂದು ಗೊತ್ತಿಲ್ಲದೆಯೇ ಮುದುಕಿಯಾಗುತ್ತಾಳೆ.

"ಸಂಜೆ ಹೇಳ್ತೀನಿ ಸಾರ್," ಎಂದು ಫೋನ್ ಇಟ್ಟೆ.

ನಾಚಿಮುತ್ತುವನ್ನು ಮತ್ತೆ ಮೋಟಾರು ಕೋಣೆಗೆ ಕರೆದುಕೊಂಡು ಹೋದೆ.

"ಮೂರನೇದನ್ನ ಹಾಕಿ ಮುದಲಾಳಿ. ಓಡೋದು ನೋಡಬೇಕು."

"ನೋಡೋದೇನಿದೆ..."

"ಹಾಕಿ."

ಅವರೇ ಹೋಗಿ ಸ್ವಿಚ್ಚು ಒತ್ತಿದರು. ಮೋಟಾರು ಒಮ್ಮೆ ನರಳಿತು. ಗಾಲಿ ಅಲುಗಿತು, ದಾರ ಬಿಗಿದು ಪಟ್ ಎಂದು ಹರಿಯಿತು. ಒಣ ಸೇವಂತಿಗೆ ಪುಡಿಪುಡಿಯಾಗಿ ಕೋಣೆಯ ತುಂಬ ಹಾರಿತು. ಗಂಧ, ಕುಂಕುಮ ಸಿಡಿದು ಅವರ ಬಿಳಿ ಅಂಗಿಯ ಮೇಲೆ ಕೆಂಪು ಚುಕ್ಕೆಗಳಾದವು.

ಅವರು ಸ್ವಿಚ್ಚು ಆರಿಸಿದರು. ಅಂಗಿ ಒರೆಸಿಕೊಳ್ಳಲು ಹೋದರು. ಕುಂಕುಮ ಇನ್ನಷ್ಟು ಹರಡಿತು.

"ಹಗಲೂ ರಾತ್ರಿ ಓಡೋ ಗಾಲಿಗೆ ನವರಾತ್ರಿ ಮಾಲೆ ಆರು ತಿಂಗಳು ಕಳೆದು ಪಂಗುನಿ ಬಂದ್ರೂ ಇರುತ್ತಾ ಮುದಲಾಳಿ?"

"ಯಾರೂ ಒರೆಸಲೇ ಇಲ್ಲ ನೋಡಿ," ಅಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಸ್ವಾಮಿ ಬೊಟ್ಟು ಅಂತ ಒಬ್ಬನೂ ಮುಟ್ಟಿಲ್ಲ. ನಾನೂ ದಿನಾ ನೋಡ್ತಿದ್ದೆ. ಕೈ ಬರಲಿಲ್ಲ."

"ನೀರು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಿಲ್ವಾ ಮೇಡಂ?"

ಅಮ್ಮಿಣಿ ಹೋಗಿ ಮೇಡಂ ಬಂದಿತ್ತು.

"ನಾನೂ ಇದೇ ಹೊಳೇಲಿ ಈಜಿ ಬೆಳೆದೋನು. ನನಗೆ ನೋವಿಲ್ಲ ಅಂದ್ಕೊಂಡ್ರಾ? ಅಂಗಿ ಕೊಳ್ಳೋನು ಪ್ರತಿ ವರ್ಷ ಬೆಲೆ ಇಳಿಸು ಅಂತಾನೆ, ಅವನೇ ಬಂದು ಹೊಳೆ ಚೆನ್ನಾಗಿ ನೋಡ್ಕೋ ಅಂತಾನೆ. ನೀವು ಬೇಡ ಅಂತ ಬರೀರಿ. ನಾನು ಬಾಗಿಲು ಹಾಕ್ತೀನಿ. ಇಲ್ಲಿ ದುಡಿಯೋ ಹೆಂಗಸರೆಲ್ಲ ನಿಮ್ಮನೆಗೆ ಬಂದು ಉಣ್ಣಲಿ."

ಅದರಲ್ಲಿ ಸುಳ್ಳು ಇರಲಿಲ್ಲ. ಅದಕ್ಕೇ ನನಗೆ ಸಿಟ್ಟು ಹೆಚ್ಚಾಯಿತು.

"ಇನ್ನೂ ಏನೂ ಬರೆದಿಲ್ಲ. ತೋಟದ ಮೂಲೆ ತೊಟ್ಟಿ ಒಡೆಸಿ. ಆಮೇಲೆ ಬರೀತೀನಿ."

ಅವರು ಬಾಗಿಲಿಗೆ ಅಡ್ಡವಾಗಿ ನಿಂತರು. "ಅದನ್ನ ತೆಗೆಯೋಕಾಗಲ್ಲ. ಒಳಗೆ ವಿಷದ ಗಾಳಿ. ಇಳಿದೋರು ಬದುಕಲ್ಲ."

"ಇಳಿದು ನೋಡಿದ ಹಾಗೆ ಹೇಳ್ತೀರಲ್ಲ. ಯಾರು ಇಳಿದಿದ್ರು?"

"ಯಾರೂ ಇಲ್ಲ."

"ದೃಷ್ಟಿಗೆ ಯಾರೂ ಕರ್ಪೂರ ಉರಿಸಿ ಉಪ್ಪಿನ ಮೂಟೆ ಹೇರಲ್ಲ. ವೆಳ್ಳಿಂಗಿರಿ ಹೆಂಡತಿ ನಿಮ್ಮ ಗೇಟಲ್ಲೇ ದಿನಾ ಒಳಗೆ ಬರ್ತಾಳೆ, ಹೊರಗೆ ಹೋಗ್ತಾಳೆ. ನಿಮಗೆ ಊಟ ಹೆಂಗೆ ಸೇರುತ್ತೆ?"

"ಆ ಹುಡುಗನ್ನ ನಾನು ಕೊಲ್ಲಲಿಲ್ಲ!" ಅವರು ಕಿರುಚಿದರು. "ಇಳಿ ಅಂದೆ, ಅಷ್ಟೇ. ಸಾಯಿ ಅನ್ನಲಿಲ್ಲ."

ಕೊಡಿಮಲರ್‌ಗೆ ಈ ಮಾತನ್ನು ನಾನೇ ಹೋಗಿ ಹೇಳಬೇಕಿತ್ತು. ಅಂಗಿಯ ಮಡಿಕೆ ಬಿಚ್ಚದೆ ಇಟ್ಟ ಹೆಂಗಸು. ಯಾವ ಮಾತಿನಿಂದ ಶುರುಮಾಡಲಿ?

ಆಗ ಹೊರಗೆ ಏನೋ ಧೊಪ್ಪೆಂದು ಬಿತ್ತು. ಸ್ವಲ್ಪ ಬಿಟ್ಟು ಇನ್ನೊಂದು.

ಇಬ್ಬರೂ ಓಡಿದೆವು. ತೋಟದ ಮೂಲೆಯಲ್ಲಿ ಕೊಡಿಮಲರ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಪ್ಪಿನ ಮೂಟೆಗಳನ್ನು ಒಂದೊಂದಾಗಿ ಎಳೆದು ಉರುಳಿಸುತ್ತಿದ್ದಳು. ಒಂದು ಮೂಟೆ ಒಡೆದು ಉಪ್ಪು ಹುಲ್ಲಿನ ಮೇಲೆ ಚೆಲ್ಲಿತ್ತು. ದಾರ ಕತ್ತರಿಸುವ ಹೆಂಗಸರು ಕೆಲಸ ಬಿಟ್ಟು ಬಂದು ದೂರದಲ್ಲಿ ಗುಂಪಾಗಿ ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ, ಯಾರೂ ತಡೆಯಲೂ ಇಲ್ಲ.

"ನಿಲ್ಸು!" ನಾಚಿಮುತ್ತು ಕೂಗಿದರು. "ಏ, ಯಾರು ನಿನಗೆ ಹೇಳಿದ್ದು?"

"ನನ್ನ ಗಂಡನ್ನ ಕೊಡಿ, ನಿಲ್ಲಿಸ್ತೀನಿ."

ಕೊನೆಯ ಮೂಟೆ ಉರುಳಿತು. ಅವಳು ಏದುಸಿರು ಬಿಡುತ್ತ ಸಿಮೆಂಟಿನ ಮೇಲೆ ಕುಸಿದಳು. ಕೈಯಿಂದ ಉಪ್ಪು, ಧೂಳು ಸರಿಸಿದಳು. ಆಮೇಲೆ ಅವಳ ಕೈ ಒಂದು ಕಡೆ ನಿಂತಿತು. ಬಗ್ಗಿ ನೋಡಿದಳು. ಬೆರಳಿನಿಂದ ಸವರಿದಳು.

ಅವಳು ನಗಲು ಶುರುಮಾಡಿದಳು. ತಲೆ ಕೆಟ್ಟಿತೇನೋ ಎಂದು ನನಗೆ ಭಯವಾಯಿತು.

"ಅಕ್ಕಾ, ಬನ್ನಿ, ಬನ್ನಿ ಇಲ್ಲಿ. ನೋಡಿ."

ಸಿಮೆಂಟು ಹಸಿಯಾಗಿದ್ದಾಗ ಯಾರೋ ಅದರ ಮೇಲೆ ಬೆರಳು ಎಳೆದಿದ್ದರು. ಎರಡು ಗೀಟು. ಕೆಳಗೆ ಒಂದು ಮೊಂಡು ಚುಕ್ಕೆ.

"ನಮ್ಮ ಒಲೆ ಮೇಲೂ ಹಿಂಗೇ ಇದೆ. ಅವರ ಕೈ ಅಕ್ಕಾ, ಅವರದೇ ಕೈ. ಕಾರ್ತಿಗೆ ದೀಪಕ್ಕೆ ನಾನು ಬಂದಾಗ ಇಲ್ಲಿ ಸಿಮೆಂಟೇ ಇರಲಿಲ್ಲ. ಅಂದ್ರೆ ಆಮೇಲೆ ಅವರು ಇಲ್ಲಿದ್ರು. ಪೊಂಗಲ್‌ಗೆ ಇದ್ರು. ಬದುಕಿದಾರೆ!" ಅವಳು ತಾಳಿಯನ್ನು ಕಣ್ಣಿಗೊತ್ತಿಕೊಂಡು, ಆ ಗೀಟುಗಳ ಮೇಲೆ ಹಣೆಯಿಟ್ಟು ಬಿಕ್ಕಿದಳು. ದೂರದ ಹೆಂಗಸರಲ್ಲಿ ಯಾರೋ ಮುರುಗಾ ಎಂದರು.

ನನಗೆ ಮಾತ್ರ ಸಂತೋಷವಾಗಲಿಲ್ಲ. ಕಿವಿಯಲ್ಲಿ ನಾಚಿಮುತ್ತು ಆಡಿದ ಒಂದು ಪದ ಸುತ್ತುತ್ತಿತ್ತು. ಐವತ್ತರ ಹತ್ತಿರ ಬಂದವನನ್ನು, ಮಗಳಿಗೆ ಗಂಡು ಹುಡುಕುತ್ತಿದ್ದವನನ್ನು ಯಾರೂ ಹುಡುಗ ಎನ್ನುವುದಿಲ್ಲ.

ತಿರುಗಿ ನೋಡಿದೆ. ನಾಚಿಮುತ್ತು ಒಡೆದ ಉಪ್ಪಿನ ಮೂಟೆಯ ಮೇಲೆ ಕೂತುಬಿಟ್ಟಿದ್ದರು. ಅಂಗಿಯ ಮೇಲಿನ ಕುಂಕುಮ ಬೆವರಿಗೆ ಇಳಿಯುತ್ತಿತ್ತು.

"ಮುದಲಾಳಿ, ಒಳಗೆ ಇರೋದು ಯಾರು?"

"ಹೆಸರು ನೆನಪಿಲ್ಲ ಮೇಡಂ." ಅವರು ನೆಲ ನೋಡುತ್ತ ಹೇಳಿದರು. "ಒಡಿಶಾ ಕಡೆಯಿಂದ ರೈಲಲ್ಲಿ ಬಂದಿದ್ದ, ಒಂದು ಚೀಲ ಹಿಡ್ಕೊಂಡು. ಪೊಂಗಲ್‌ಗೆ ಊರೆಲ್ಲ ರಜೆ, ಇವನಿಗೆ ಹೋಗೋಕೆ ಊರು ದೂರ. ಇಲ್ಲೇ ಉಳಿದ. ಇಲ್ಲಿ ತನಕ ಯಾರೂ ಅವನನ್ನ ಕೇಳ್ಕೊಂಡು ಬಂದಿಲ್ಲ."

ಕೊಡಿಮಲರ್ ತಲೆ ಎತ್ತಿದಳು. ಗೀಟುಗಳನ್ನು ಸವರುತ್ತಿದ್ದ ಕೈ ಮೆಲ್ಲಗೆ ಸಿಮೆಂಟಿನಿಂದ ಮೇಲೆದ್ದಿತು, ಬಿಸಿ ತಾಗಿದ ಹಾಗೆ.

"ಅಂದ್ರೆ ಇದನ್ನ ಮುಚ್ಚಿದ್ದು..." ಎಂದು ನನ್ನ ಮುಖ ನೋಡಿದಳು.

ಹುಡುಗನ ಮೇಲೆ ಸಿಮೆಂಟು ಎಳೆದ ಕೈ ಯಾರದು ಎಂದು ಆ ಗೀಟುಗಳೇ ಹೇಳುತ್ತಿದ್ದವು; ದೀಪಾವಳಿಯಿಂದ ಅವನು ಎಲ್ಲಿದ್ದ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಗುಂಪಾಗಿ ನಿಂತಿದ್ದ ಹೆಂಗಸರು ಒಬ್ಬರ ಹಿಂದೊಬ್ಬರು ಅವಳಿಂದ ದೂರ ಸರಿಯತೊಡಗಿದರು.